ಹರಾಜಾದ ಪೊಲ್ಲಿಲೂರು

ಡೊಂಬಿವಲಿಗೆ ಬಂದು ಎಷ್ಟು ವರ್ಷವಾದರೂ ಶ್ರೀರಂಗಪಟ್ಟಣದ ಸುದ್ದಿಯೆಂದರೆ ಕಿವಿ ನಿಮಿರುತ್ತದೆ ನೋಡಿ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ಪೊಲ್ಲಿಲೂರಿನಲ್ಲಿ ಹೈದರ್, ಟಿಪ್ಪು ಸೇರಿ ಕರ್ನಲ್ ಬೈಲಿಯ ಕಂಪನಿ ಸೇನೆಯನ್ನು ಸೋಲಿಸಿದರು. ಆ ಗೆಲುವನ್ನು ಟಿಪ್ಪು ದರಿಯಾ ದೌಲತ್ ಗೋಡೆಯ ಮೇಲೆ ಬರೆಸಿದ. ಅದೇ ಚಿತ್ರ ಕಾಗದದ ಮೇಲೂ ಇದೆ, ಸುಮಾರು 32 ಅಡಿ ಉದ್ದ, ತೈಲವರ್ಣವಲ್ಲ, ಜಲವರ್ಣ. ಖಾಸಗಿ ಸಂಗ್ರಹದ ಈ ಪ್ರತಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ 2010ರಲ್ಲಿ 7,69,250 ಪೌಂಡಿಗೆ ಹೋಯಿತು. 2022ರ ಮಾರ್ಚಿನಲ್ಲಿ ಮತ್ತೆ ಬಂದಾಗ 6,30,000ಕ್ಕೆ ಇಳಿಯಿತು. ಆದರೂ 6 ಕೋಟಿ ರೂಪಾಯಿಗೆ ಮೇಲೆ!

ಬೆಲೆಗಿಂತ ದೊಡ್ಡ ಮಾತು ಬೇರೆಯಿದೆ. ಗೋಡೆಯ ಚಿತ್ರಕ್ಕೆ ಸುಣ್ಣ ಬಿತ್ತು, ಡಾಲ್‌ಹೌಸಿ ಕಾಲದಲ್ಲಿ ಮತ್ತೆ ಬರೆಸಿದರು. ಅದಕ್ಕೂ ಮುಂಚಿನ ರೂಪಕ್ಕೆ ಸಾಕ್ಷಿ ಇಂಥ ಕಾಗದವೇ. ಸೋತವರ ರಾಜಧಾನಿಯಲ್ಲಿ ಗೆದ್ದವರ ಚಿತ್ರ ಎರಡು ಸಲ ಬಿಕರಿಯಾಯಿತು... ನಾವು ಗೋಡೆಯನ್ನಾದರೂ ಮಕ್ಕಳಿಗೆ ತೋರಿಸಿ ಬರೋಣ.