ಶಂಕರಾಭರಣಕ್ಕೆ ಬಂದ ಐರಿಷ್ ಧಾಟಿ

ಮುತ್ತುಸ್ವಾಮಿ ದೀಕ್ಷಿತರ (1775–1835) ನೊಟ್ಟುಸ್ವರಗಳು ಯುರೋಪಿನ ಧಾಟಿಗಳಿಗೆ ಹೊಂದಿಸಿದ ಪುಟ್ಟ ಸಂಸ್ಕೃತ ರಚನೆಗಳು. ಇಂಥವು ಸುಮಾರು 40 ಉಳಿದುಬಂದಿವೆ. ಇಂಗ್ಲಿಷ್, ಸ್ಕಾಟಿಷ್ ಧಾಟಿಗಳ ನಡುವೆ ಐರ್ಲೆಂಡಿನದೂ ಇದೆ: ‘ವಂದೇ ಮೀನಾಕ್ಷಿ’ಯ ಮೂಲ ‘ಲಿಮರಿಕ್’ ಎಂಬ ಐರಿಷ್ ಧಾಟಿಯೆಂದು ಸಂಶೋಧಕರು ಗುರುತಿಸಿದ್ದಾರೆ.

ದೀಕ್ಷಿತರ ಕುಟುಂಬ ಮದರಾಸಿನ ಬಳಿಯ ಮಣಲಿಯಲ್ಲಿ, ಈಸ್ಟ್ ಇಂಡಿಯಾ ಕಂಪನಿಗೆ ದುಬಾಷಿಗಳಾಗಿದ್ದ ಮೊದಲಿಯಾರರ ಆಶ್ರಯದಲ್ಲಿತ್ತು. ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡು ಕಿವಿಗೆ ಬಿದ್ದದ್ದು ಆ ನಂಟಿನಿಂದಲೇ. ಕಂಪನಿಯ ಸೈನ್ಯದಲ್ಲಿ ಐರಿಷರೂ ಬಹಳ ಮಂದಿ ಇದ್ದುದರಿಂದ ಅವರ ಊರಿನ ಧಾಟಿ ಇಲ್ಲಿಗೆ ಬಂದುದರಲ್ಲಿ ಆಶ್ಚರ್ಯವಿಲ್ಲ. ದೀಕ್ಷಿತರ ತಮ್ಮ ಬಾಲುಸ್ವಾಮಿ ಅಲ್ಲಿಯೇ ಪಿಟೀಲು ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ತಂದರು. ಪಿಟೀಲು ಕಛೇರಿಯನ್ನೇ ಬದಲಿಸಿತು. ನೊಟ್ಟುಸ್ವರಕ್ಕೆ ಅಷ್ಟು ದೊಡ್ಡ ಪಾತ್ರ ಸಿಗಲಿಲ್ಲ.

ಕಾರಣ ಅದರ ರಚನೆಯಲ್ಲೇ ಇದೆ. ಪಾಶ್ಚಾತ್ಯರ ಮೇಜರ್ ಸ್ಕೇಲಿನ ಸ್ವರಸ್ಥಾನಗಳೇ ಶಂಕರಾಭರಣದ ಸ್ವರಸ್ಥಾನಗಳು. ಹಾಗಾಗಿ ಧಾಟಿ ಮೇಳಕ್ಕೆ ಸಲೀಸಾಗಿ ಕೂತಿತು, ಆದರೆ ರಾಗವಾಗಲಿಲ್ಲ. ದೀಕ್ಷಿತರದೇ ‘ಅಕ್ಷಯಲಿಂಗ ವಿಭೋ’ ಪಕ್ಕದಲ್ಲಿಟ್ಟು ಕೇಳಿದರೆ ಇದು ತಿಳಿಯುತ್ತದೆ. ಅಲ್ಲಿ ಗಾಂಧಾರ, ನಿಷಾದಗಳು ಗಮಕದಲ್ಲಿ ತೂಗುತ್ತ ವಿಳಂಬದಲ್ಲಿ ಸಾಗುತ್ತವೆ. ‘ವಂದೇ ಮೀನಾಕ್ಷಿ’ಯಲ್ಲಿ ಪ್ರತಿ ಸ್ವರವೂ ಒಂದೇ ನೇರಕ್ಕೆ ನಿಂತು, ಮೆಟ್ಟಿಲು ಹತ್ತಿಳಿದಂತೆ ಮುಂದಕ್ಕೆ ಹೋಗುತ್ತದೆ. ಆಲಾಪನೆ, ನೆರವಲ್‌ಗಳಿಗೆ ಎಡೆಯಿಲ್ಲ. ಇಷ್ಟಕ್ಕೇ ಇದನ್ನು ಬರಿಯ ಅನುಕರಣೆ ಎನ್ನುವುದು ಅವಸರದ ತೀರ್ಪು. ಪರದೇಶದ ಪೆಟ್ಟಿಗೆ ಸಂಸ್ಕೃತದ ಲಘು ಗುರುಗಳನ್ನು ಹೊಂದಿಸಿ, ಬ್ಯಾಂಡಿನ ಗತ್ತಿಗೆ ಪಳಗಿದ್ದ ಧಾಟಿಯಲ್ಲಿ ದೇವತಾಸ್ತುತಿ ಕೂರಿಸಿದ್ದು ಸಣ್ಣ ಕೆಲಸವಲ್ಲ. ದೊಡ್ಡ ಕೃತಿಗಳಲ್ಲಿರುವ ‘ಗುರುಗುಹ’ ಅಂಕಿತ ಇವುಗಳಲ್ಲೂ ಕಾಣುತ್ತದೆ.

ಬೆಂಗಳೂರಿಗೆ ಪಾಶ್ಚಾತ್ಯ ಬ್ಯಾಂಡು ಬಂದದ್ದು ದಂಡಿನ ಜೊತೆ. 1809ರಲ್ಲಿ ಶ್ರೀರಂಗಪಟ್ಟಣದಿಂದ ಸೇನೆ ಇಲ್ಲಿಗೆ ಬಂದು ದಂಡು ಪ್ರದೇಶ ಬೆಳೆಯಿತು. ಐರ್ಲೆಂಡಿನ ಸಂತನ ಹೆಸರಿನ ಸೇಂಟ್ ಪ್ಯಾಟ್ರಿಕ್ ಚರ್ಚು ಅಲ್ಲಿ ಈಗಲೂ ಇದೆ. ಆದರೆ ನೊಟ್ಟುಸ್ವರದ ಧಾಟಿಗಳನ್ನು ಗಾಯಕರ ಬಾಯಿಗೆ ತಂದದ್ದು ದಂಡಲ್ಲ, ಗುರುಪರಂಪರೆ. ಪಾಶ್ಚಾತ್ಯ ವಾದ್ಯಗಳಿಗೆ ಒಲಿದಿದ್ದ ಮೈಸೂರು ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಜರ್ಮನಿಯ ಆಟೊ ಷ್ಮಿಟ್ ಬ್ಯಾಂಡಿನ ಮುಖ್ಯಸ್ಥರಾಗಿದ್ದರು. ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ 108 ಕೃತಿ ರಚಿಸಿದ ಆಸ್ಥಾನ ವಿದ್ವಾಂಸ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರದೇ ಪಾಶ್ಚಾತ್ಯ ಧಾಟಿಯ ‘ಇಂಗ್ಲಿಷ್ ನೋಟು’ ಕೂಡ. ಮಧುರೈ ಮಣಿ ಅಯ್ಯರ್ ಅದನ್ನು ಸ್ವರದಲ್ಲೇ ಹಾಡಿ, ಕಛೇರಿಯ ಕೊನೆಯಲ್ಲಿ ಕೇಳುಗರು ಕಾದು ಕೇಳುವ ಹಾಗೆ ಮಾಡಿದರು.

ಐರಿಷರ ಇನ್ನೊಂದು ಗುರುತು ಬೆಂಗಳೂರಿನಿಂದ ಬಹಳ ದೂರವಲ್ಲದ ಮದನಪಲ್ಲಿಯಲ್ಲಿದೆ. ಐರ್ಲೆಂಡಿನ ಸಂಗೀತಗಾರ್ತಿ ಮಾರ್ಗರೆಟ್ ಕಸಿನ್ಸ್ 1919ರಲ್ಲಿ ರವೀಂದ್ರನಾಥ ಠಾಕೂರರು ಅಲ್ಲಿ ತಂಗಿದ್ದಾಗ ‘ಜನಗಣಮನ’ಕ್ಕೆ ಪಾಶ್ಚಾತ್ಯ ಸ್ವರಲಿಪಿ ಬರೆದರು.

ಬೆಂಗಳೂರಿನ ಯಲಹಂಕ, ಆರ್.ಟಿ. ನಗರದಂಥ ಬಡಾವಣೆಗಳ ಪಾಠದ ಮನೆಗಳಲ್ಲೂ ಮಕ್ಕಳ ಕಲಿಕೆ ಸರಳೆ, ಜಂಟಿ ವರಸೆಗಳಿಂದಲೇ ಶುರು. ಆಮೇಲೆ ಅಲಂಕಾರ, ಪುರಂದರದಾಸರ ಪಿಳ್ಳಾರಿ ಗೀತೆ. ನೊಟ್ಟುಸ್ವರ ಹೇಳಿಕೊಡುವುದು ಗುರುಗಳ ಇಷ್ಟ. ಗಮಕ ಇನ್ನೂ ಒಗ್ಗದ ಕಂಠಕ್ಕೆ ಶ್ರುತಿ, ಲಯ ಗಟ್ಟಿಮಾಡಲು ಅದು ಹೇಳಿಮಾಡಿಸಿದಂತಿದೆ. ಮನೆಯ ಕೀಬೋರ್ಡಿನಲ್ಲಿ ಅದನ್ನೇ ನುಡಿಸಿದರೂ ಸ್ವರ ತಪ್ಪುವುದಿಲ್ಲ.