ಕರ್ಣ ಮತ್ತು ವಿಕರ್ಣ

ಸಂಸ್ಕೃತದಲ್ಲಿ ಕಿವಿ ಎಂಬ ಅರ್ಥವುಳ್ಳ ‘ಕರ್ಣ’ ಶಬ್ದವು ರೇಖಾಗಣಿತದಲ್ಲಿ ಮೂಲೆಯಿಂದ ಮೂಲೆಗೆ ಎಳೆದ ಗೆರೆಯನ್ನು ಸೂಚಿಸುತ್ತದೆ. ಯಜ್ಞವೇದಿಗಳ ರಚನೆಯನ್ನು ತಿಳಿಸುವ ಪ್ರಾಚೀನ ಗ್ರಂಥಗಳಾದ ಶುಲ್ಬಸೂತ್ರಗಳು ಈ ಗೆರೆಯನ್ನು ‘ಅಕ್ಷ್ಣಯಾರಜ್ಜು’, ಎಂದರೆ ಓರೆಯಾಗಿ ಹಿಡಿದ ಹಗ್ಗ, ಎಂದು ಕರೆದರೆ, 1150ರ ಸುಮಾರಿಗೆ ರಚಿತವಾದ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯನು ಲಂಬಕೋನ ತ್ರಿಭುಜದ ಬಾಹುಗಳಿಗೆ ಭುಜ, ಕೋಟಿ, ಕರ್ಣ ಎಂಬ ಹೆಸರುಗಳನ್ನು ಬಳಸಿ, ಮೊದಲೆರಡರ ವರ್ಗಗಳ ಮೊತ್ತದ ವರ್ಗಮೂಲವೇ ಕರ್ಣವೆಂದು ತಿಳಿಸುತ್ತಾನೆ. ಇಂದಿನ ಕನ್ನಡ ಪಠ್ಯಪುಸ್ತಕಗಳು ಲಂಬಕೋನದ ಎದುರಿನ ಈ ಬಾಹುವನ್ನು ‘ವಿಕರ್ಣ’ವೆಂದು ಕರೆದು, ಬಹುಭುಜಾಕೃತಿಯಲ್ಲಿ ಅಕ್ಕಪಕ್ಕದಲ್ಲಿಲ್ಲದ ಎರಡು ಶೃಂಗಗಳನ್ನು, ಅಂದರೆ ಬಾಹುಗಳು ಕೂಡುವ ಬಿಂದುಗಳನ್ನು, ಸೇರಿಸುವ ರೇಖಾಖಂಡಕ್ಕೆ ‘ಕರ್ಣ’ವನ್ನು ಮೀಸಲಿಟ್ಟಿವೆ. ಹಿಂದಿಯಲ್ಲಿ ಈ ಹಂಚಿಕೆ ಅದಲುಬದಲಾಗಿರುವುದರಿಂದ ಎರಡೂ ಭಾಷೆಗಳಲ್ಲಿ ಓದುವ ವಿದ್ಯಾರ್ಥಿಗಳು ಇದನ್ನು ಗಮನಿಸಲೇಬೇಕು. ತ್ರಿಭುಜದ ಯಾವ ಎರಡು ಶೃಂಗಗಳೂ ಅಕ್ಕಪಕ್ಕದವೇ ಆದುದರಿಂದ ಅದಕ್ಕೆ ಕರ್ಣವೇ ಇಲ್ಲ. ಚತುರ್ಭುಜಕ್ಕೆ 2, ಪಂಚಭುಜಾಕೃತಿಗೆ 5 ಕರ್ಣಗಳಿವೆ.