ಜೀನ್ಸ್‌ನ ಏರಿಳಿತ: ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ

ಫ್ಯಾಷನ್ ಜಗತ್ತಿನಲ್ಲಿ ನಾಲ್ಕು ಬೆರಳಗಲದ ಬಟ್ಟೆಗೆ ಎಷ್ಟೊಂದು ಮಹತ್ವ ಎಂಬುದನ್ನು ಅರಿಯಲು ಜೀನ್ಸ್‌ನ ಚರಿತ್ರೆಯನ್ನು ನೋಡಬೇಕು. ಎರಡು ಕಾಲುಗಳು ಕೂಡುವ ಹೊಲಿಗೆಯಿಂದ ಸೊಂಟಪಟ್ಟಿಯವರೆಗಿನ ಅಳತೆಗೆ ‘ರೈಸ್’ ಎಂದು ಹೆಸರು. ಪಟ್ಟಿ ಹೊಕ್ಕುಳಿನ ಮಟ್ಟಕ್ಕೆ ಏರಿದರೆ ಅದು ‘ಹೈ ವೇಸ್ಟ್’. ಹೊಕ್ಕುಳಿನಿಂದ ಬಹಳ ಕೆಳಗೆ ನಿಂತರೆ ‘ಲೋ ರೈಸ್’. ಒಮ್ಮೆ ಮೆರೆದದ್ದು ಮತ್ತೊಮ್ಮೆ ನಗೆಪಾಟಲಾಗುವ ಈ ಆಟದಲ್ಲಿ ಬಟ್ಟೆಯದು ನೆಪ ಮಾತ್ರ. ತೂಗಿ ನೋಡುವುದು ಅದನ್ನು ತೊಟ್ಟವರನ್ನು.

ಮೊದಲಿಗೆ ಎತ್ತರದ ಸೊಂಟ ಫ್ಯಾಷನ್ ಆಗಿರಲಿಲ್ಲ, ಅನುಕೂಲವಾಗಿತ್ತು. ಅಮೆರಿಕದ ರೀನೋ ಪಟ್ಟಣದ ದರ್ಜಿ ಜೇಕಬ್ ಡೇವಿಸ್, ದುಡಿಯುವವರ ಪ್ಯಾಂಟಿನ ಜೇಬು ಹರಿಯದಿರಲೆಂದು ತಾಮ್ರದ ರಿವೆಟ್ ಬಡಿದ. ಸ್ಯಾನ್‌ಫ್ರಾನ್ಸಿಸ್ಕೋದ ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆಗೂಡಿ 1873ರ ಮೇ 20ರಂದು ಅದಕ್ಕೆ ಪೇಟೆಂಟ್ ಪಡೆದ. ಬಗ್ಗಿ ಏಳುವ ಕೆಲಸಗಾರನ ಪ್ಯಾಂಟು ಜಾರಬಾರದಲ್ಲ. ಹೆಗಲಪಟ್ಟಿಯ ಆಸರೆಯಲ್ಲಿ ಅದು ನಡುವಿನ ಮೇಲೆ ನಿಲ್ಲುತ್ತಿತ್ತು. ಬೆಲ್ಟ್ ಪೋಣಿಸುವ ಕುಣಿಕೆಗಳು ಸೇರಿದ್ದು 1922ರಲ್ಲಿ.

1934ರಲ್ಲಿ ಅದೇ ಕಂಪನಿ ಹೆಂಗಸರಿಗೆಂದೇ ‘ಲೇಡಿ ಲೆವೀಸ್’ ಹೊರತಂದಿತು. ಅದರ ಸೊಂಟವೂ ಎತ್ತರದ್ದೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆ ಸೇರಿದ ಮಹಿಳೆಯರಿಗೆ ಡೆನಿಮ್ ಮತ್ತಷ್ಟು ಪರಿಚಿತವಾಯಿತು. 1952ರ ‘ಕ್ಲ್ಯಾಶ್ ಬೈ ನೈಟ್’ ಚಿತ್ರದಲ್ಲಿ ಮೀನು ಕಾರ್ಖಾನೆಯ ಕೆಲಸಗಾರ್ತಿಯಾಗಿ ಮರ್ಲಿನ್ ಮನ್ರೋ ಜೀನ್ಸ್ ತೊಟ್ಟು ಕಾಣಿಸಿಕೊಂಡಾಗ, ದುಡಿಮೆಯ ಉಡುಪಿಗೆ ಚೆಲುವಿನ ಪಟ್ಟ ದೊರೆಯಿತು.

1960ರ ದಶಕದ ತರುಣ ಪೀಳಿಗೆ ಹಿರಿಯರ ಶಿಸ್ತಿನ ಜೊತೆಗೆ ಸೊಂಟಪಟ್ಟಿಯನ್ನೂ ಕೆಳಗಿಳಿಸಿತು. ಎಪ್ಪತ್ತರ ದಶಕದ ಕೊನೆಯಲ್ಲಿ ಗ್ಲೋರಿಯಾ ವಾಂಡರ್‌ಬಿಲ್ಟ್, ಕ್ಯಾಲ್ವಿನ್ ಕ್ಲೈನ್ ಅವರಂಥವರ ಹೆಸರು ಹೊತ್ತ ‘ಡಿಸೈನರ್ ಜೀನ್ಸ್’ ಅದನ್ನು ಪುನಃ ಮೇಲಕ್ಕೇರಿಸಿತು. ಎಂಬತ್ತರ ದಶಕವಿಡೀ ಅದರದೇ ರಾಜ್ಯಭಾರ.

ಆದರೆ ತೊಂಬತ್ತರ ದಶಕದಲ್ಲಿ ಬ್ರಿಟನ್ನಿನ ವಿನ್ಯಾಸಕ ಅಲೆಕ್ಸಾಂಡರ್ ಮೆಕ್ವೀನ್ ತೀರಾ ಕೆಳಗೆ ನಿಲ್ಲುವ ‘ಬಮ್‌ಸ್ಟರ್’ ಪ್ಯಾಂಟುಗಳನ್ನು ಪ್ರದರ್ಶಿಸಿದ. ಹೊಸ ಶತಮಾನದ ಹೊಸ್ತಿಲಲ್ಲಿ ಬ್ರಿಟ್ನಿ ಸ್ಪಿಯರ್ಸ್‌ರಂಥ ಗಾಯಕಿಯರ ಮೂಲಕ ಲೋ ರೈಸ್ ಮನೆಮನೆಗೆ ಬಂತು. ಆಗ ಎತ್ತರದ ಸೊಂಟದ ಜೀನ್ಸ್ ಉಳಿದದ್ದು ಯಾರ ಬಳಿ? ಹರೆಯದಲ್ಲಿ ಕೊಂಡದ್ದನ್ನು ಬಿಡದೆ ತೊಡುತ್ತಿದ್ದ ಅಮ್ಮಂದಿರ ಬಳಿ. 2003ರಲ್ಲಿ ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಅಮೆರಿಕದ ಟಿವಿ ಹಾಸ್ಯ ಕಾರ್ಯಕ್ರಮ ಇದನ್ನೇ ‘ಮಾಮ್ ಜೀನ್ಸ್’ ಎಂದು ಹುಸಿ ಜಾಹೀರಾತಿನಲ್ಲಿ ಗೇಲಿ ಮಾಡಿತು. ತಾಯಿಯಾದವಳಿಗೆ ಇನ್ನು ಚೆಲುವಿನ ಹಂಗೇಕೆ ಎಂಬುದೇ ಆ ನಗೆಯ ತಿರುಳು. 2009ರಲ್ಲಿ ಅಧ್ಯಕ್ಷ ಬರಾಕ್ ಒಬಾಮ ಬೇಸ್‌ಬಾಲ್ ಮೈದಾನಕ್ಕೆ ದೊಗಲೆ ಜೀನ್ಸ್ ತೊಟ್ಟು ಬಂದಾಗ ಅವರನ್ನು ಛೇಡಿಸಲು ಬಳಕೆಯಾದದ್ದೂ ಇದೇ ಪದ. ಗಂಡಸನ್ನು ಹಂಗಿಸಲು ‘ಅಮ್ಮನಂತೆ’ ಎಂದರೆ ಸಾಕಾಗಿತ್ತು.

ಮುಂದಿನ ತಿರುವು ಇನ್ನೂ ಸ್ವಾರಸ್ಯಕರ. 2010ರ ದಶಕದಲ್ಲಿ ತರುಣಿಯರು ಹಳೆ ಬಟ್ಟೆಯಂಗಡಿಗಳಲ್ಲಿ ಅದೇ ಜೀನ್ಸನ್ನು ಹುಡುಕಿ ತೊಟ್ಟರು. ಕಂಪನಿಗಳು ‘ಮಾಮ್ ಜೀನ್ಸ್’ ಎಂಬ ಹೆಸರಿನಲ್ಲಿಯೇ ಹೊಸದಾಗಿ ಹೊಲಿಸಿ ಮಾರಿದವು. ಬೈಗುಳವೇ ಬಿರುದಾಯಿತು! 2020ರ ದಶಕದಲ್ಲಿ ಲೋ ರೈಸ್ ಮತ್ತೆ ತಲೆಯೆತ್ತಿದೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆ ಜೀನ್ಸಿಗೂ ಸಲ್ಲುತ್ತದೆ. ಆದರೆ ಒಂದು ವ್ಯತ್ಯಾಸವುಂಟು. ಒಂದೇ ಬಗೆಯ ಬಟ್ಟೆ ಇಪ್ಪತ್ತರ ಮಗಳ ಮೈಮೇಲೆ ಫ್ಯಾಷನ್ ಎನಿಸಿಕೊಂಡಿತು. ನಲವತ್ತೈದರ ತಾಯಿಯ ಮೈಮೇಲೆ ನಗೆಚಾಟಿಕೆಯಾಗಿತ್ತು. ಪಟ್ಟಿ ಎಷ್ಟೇ ಏರಿಳಿದರೂ, ಹೆಣ್ಣಿನ ವಯಸ್ಸನ್ನು ಅಳೆಯುವ ಈ ಟೇಪು ಮಾತ್ರ ಬದಲಾಗಿಲ್ಲ.